ಮೂರು ತಿಂಗಳ ಗುಟ್ಟು

‘ಮೂರು ತಿಂಗಳು ತುಂಬಲಿ, ಆಮೇಲೆ ಹೇಳಿದರಾಯಿತು.’

ಈ ಮಾತನ್ನು ಕೇಳದೆ ಬಸಿರಾದ ಹೆಂಗಸು ನಮ್ಮ ಕಡೆ ಇದ್ದಾಳೆಂದು ನಾನು ನಂಬುವುದಿಲ್ಲ. ಅತ್ತೆ ಹೇಳದಿದ್ದರೆ ತಾಯಿ ಹೇಳುತ್ತಾಳೆ. ತಾಯಿ ಹೇಳದಿದ್ದರೆ ನೆರೆಮನೆಯ ಅಜ್ಜಿ ಹೇಳುತ್ತಾಳೆ. ಇವರಾರೂ ಹೇಳದಿದ್ದರೆ ಬಸುರಿ ತನಗೆ ತಾನೇ ಹೇಳಿಕೊಳ್ಳುತ್ತಾಳೆ. ಕೇಳುವುದಕ್ಕೇನೋ ಜಾಣತನದ ಮಾತು. ಆದರೆ ಈ ಜಾಣತನದ ಬೆಲೆಯನ್ನು ತೆರುತ್ತಿರುವವರು ಯಾರು ಎಂದು ಲೆಕ್ಕ ಹಾಕಿದವರನ್ನು ನಾನು ಕಂಡಿಲ್ಲ. ಆ ಲೆಕ್ಕವನ್ನು ಇಲ್ಲಿ ಹಾಕಬೇಕೆಂದಿದ್ದೇನೆ. ಓದಿ ಕೆಲವರಿಗೆ ಸಿಟ್ಟು ಬಂದೀತು, ಬರಲಿ.

ಮೊದಲು ನನ್ನ ಅಧಿಕಾರ ಯಾವುದೆಂದು ಹೇಳಿಬಿಡುತ್ತೇನೆ. ನಾನು ವೈದ್ಯಳಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನವನ್ನೂ ಗಣಿತವನ್ನೂ ಕಲಿಸಿ ನಿವೃತ್ತಳಾದವಳು. ಹುಟ್ಟಿದ್ದು ಕಾಪುವಿನಲ್ಲಿ, ದೀಪಸ್ತಂಭದ ಬೆಳಕು ರಾತ್ರಿ ಅಂಗಳದ ತೆಂಗಿನ ಗರಿಗಳ ಮೇಲೆ ಹಾದುಹೋಗುತ್ತಿದ್ದ ಮನೆಯಲ್ಲಿ. ಮದುವೆಯಾಗಿ ಹೋದದ್ದು ಕಾರ್ಕಳಕ್ಕೆ. ಈಗ ನೆಲೆಸಿರುವುದು ಉಡುಪಿಯಲ್ಲಿ. ಮಣಿಪಾಲಕ್ಕೆ, ಈ ಪ್ರಾಯದ ಎಲ್ಲರಂತೆ, ಹೋಗುವುದು ವೈದ್ಯರನ್ನು ಕಾಣಲಿಕ್ಕೆ. ಹೀಗೆ ನಾಲ್ಕು ಊರುಗಳ ಹೆಂಗಸರ ಮಾತು ಐವತ್ತು ವರ್ಷಗಳಿಂದ ನನ್ನ ಕಿವಿಗೆ ಬೀಳುತ್ತಾ ಬಂದಿದೆ. ಕೆಳಗೆ ನಾನು ಹೇಳುವ ವೈದ್ಯಕೀಯ ಸಂಗತಿಗಳೆಲ್ಲ ಬಲ್ಲವರನ್ನು ಕೇಳಿ, ಓದಿ ತಿಳಿದುಕೊಂಡವು. ಸಿಟ್ಟು ಮಾತ್ರ ನನ್ನ ಸ್ವಂತದ್ದು.

1972ರ ಜೂನ್ ತಿಂಗಳು. ಶಾಲೆ ಆಗತಾನೆ ಬಾಗಿಲು ತೆರೆದಿತ್ತು. ಕಾರ್ಕಳದ ಮಳೆ ನಿಮಗೆ ಗೊತ್ತಿದ್ದರೆ ಹೆಚ್ಚು ಹೇಳಬೇಕಾಗಿಲ್ಲ. ಗೊತ್ತಿಲ್ಲದಿದ್ದರೆ ಹೇಳಿ ಪ್ರಯೋಜನವಿಲ್ಲ. ನನಗೆ ಮದುವೆಯಾಗಿ ಏಳು ತಿಂಗಳು. ಬಸಿರು ಮೂರನೆಯ ತಿಂಗಳಿನಲ್ಲಿತ್ತು. ಸಂಗತಿ ತಿಳಿದಿದ್ದವರು ಮೂವರೇ: ನಾನು, ನನ್ನ ಗಂಡ, ನನ್ನ ಅತ್ತೆ. ಕಾಪುವಿನಲ್ಲಿದ್ದ ನನ್ನ ತಾಯಿಗೂ ತಿಳಿಸಿರಲಿಲ್ಲ. ಬೆಳಿಗ್ಗೆ ಬಚ್ಚಲಿನಲ್ಲಿ ನೀರು ಸುರಿಯುವ ಸದ್ದಿನ ಮರೆಯಲ್ಲಿ ಓಕರಿಸಿ, ಮುಖ ತೊಳೆದು, ಏನೂ ಆಗದವಳ ಹಾಗೆ ಕೊಡೆ ಹಿಡಿದು ಶಾಲೆಗೆ ನಡೆಯುತ್ತಿದ್ದೆ. ಒಂದು ಸೋಮವಾರ ಎಂಟನೆಯ ತರಗತಿಯಲ್ಲಿ ನಿಂತಿದ್ದಾಗ ಸೊಂಟದಲ್ಲಿ ನೋವು ಕಾಣಿಸಿತು. ಕುಳಿತುಕೊಂಡರೆ ಯಾರಾದರೂ ಏಕೆ ಎಂದು ಕೇಳಿಯಾರೆಂದು ಸಂಜೆಯ ತನಕ ನಿಂತೇ ಪಾಠ ಮಾಡಿದೆ. ರಾತ್ರಿ ಎಲ್ಲವೂ ಇಳಿದುಹೋಯಿತು. ಅತ್ತೆ ಕಷಾಯ ಕಾಸಿ ಕೊಟ್ಟರು, ಬಟ್ಟೆ ಒಗೆದರು, ತಲೆ ಸವರಿದರು. ಕೆಟ್ಟ ಹೆಂಗಸಲ್ಲ ಅವರು. ಆಮೇಲೆ ಮೆಲ್ಲನೆ, ‘ಯಾರಿಗೂ ಹೇಳಿರಲಿಲ್ಲವಲ್ಲ, ಅದೇ ಪುಣ್ಯ’ ಎಂದರು. ನಾಲ್ಕನೆಯ ದಿನ ಶಾಲೆಗೆ ಹೋದೆ. ರಜೆಯ ಅರ್ಜಿಯಲ್ಲಿ ‘ಜ್ವರ’ ಎಂದು ಬರೆದೆ.

ಅದೇ ಪುಣ್ಯ! ಈ ಎರಡು ಪದಗಳನ್ನು ನಾನು ವರ್ಷಗಟ್ಟಲೆ ಹೊತ್ತು ತಿರುಗಿದ್ದೇನೆ. ಕೊಡಪಾನ ಎತ್ತಿದ್ದರಿಂದ ಹೀಗಾಯಿತೆ? ಬಸ್ಸಿನಲ್ಲಿ ನಿಂತು ಬಂದದ್ದರಿಂದಲೆ? ಆ ದಿನ ಒಂದು ಹೋಳು ಅನಾನಸು ತಿಂದದ್ದರಿಂದಲೆ? ಅಲ್ಲ ಎಂದು ಹೇಳಬಲ್ಲವರು ಇದ್ದರು. ಅವರಿಗೆ ಸಂಗತಿಯೇ ತಿಳಿದಿರಲಿಲ್ಲ. ನನ್ನ ತಾಯಿಗೂ ಹೀಗೆಯೇ ಎರಡು ಸಲ ಆಗಿತ್ತೆಂಬುದು ನನಗೆ ಗೊತ್ತಾದದ್ದು ಅವಳಿಗೆ ಎಪ್ಪತ್ತು ದಾಟಿದ ಮೇಲೆ, ಬೇರೇನೋ ಮಾತಿನ ನಡುವೆ. ತಾಯಿಯೂ ಮಗಳೂ ಇಪ್ಪತ್ತು ಮೈಲಿಯ ಅಂತರದಲ್ಲಿ ಒಂದೇ ದುಃಖವನ್ನು ಎರಡು ಬೀಗಗಳಲ್ಲಿ ಇಟ್ಟುಕೊಂಡು ಕುಳಿತಿದ್ದೆವು.

ಅದು ಹಳೆಯ ಕಾಲ, ಅಜ್ಞಾನದ ಕಾಲ ಎನ್ನುತ್ತೀರಿ. ಹಾಗಾದರೆ 2022ಕ್ಕೆ ಬನ್ನಿ. ನನ್ನ ತಂಗಿಯ ಮೊಮ್ಮಗಳೊಬ್ಬಳು ಮಣಿಪಾಲದಲ್ಲಿ ಕೆಲಸದಲ್ಲಿದ್ದಾಳೆ. ಗಂಡನ ಮನೆ ನನ್ನ ತವರೂರಾದ ಕಾಪುವಿನಲ್ಲಿಯೇ. ಇಬ್ಬರೂ ಓದಿದವರು, ಇಬ್ಬರ ಕೈಯಲ್ಲೂ ಲೋಕವನ್ನೇ ತೋರಿಸುವ ಫೋನು. ಅವಳು ಬಸಿರಾದಾಗ ಕಾಪುವಿನಿಂದ ಆಜ್ಞೆ ಬಂತು: ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಕೂಡದು, ಆಸ್ಪತ್ರೆಗೂ ಈಗಲೇ ಹೋಗುವುದು ಬೇಡ, ಅಲ್ಲಿ ಊರಿನವರು ಯಾರಾದರೂ ಸಿಕ್ಕೇ ಸಿಗುತ್ತಾರೆ. ಹುಡುಗಿ ಒಪ್ಪಿದಳು. ಹತ್ತನೆಯ ವಾರದಲ್ಲಿ ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲದಂತಾಯಿತು. ಮೂರು ದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿದಳು. ಕಚೇರಿಗೆ ‘ಹೊರಗಿನ ಊಟದಿಂದ ಹೊಟ್ಟೆ ಕೆಟ್ಟಿದೆ’ ಎಂದು ಬರೆದು ಕಳುಹಿಸಿದಳು. ನನ್ನ ‘ಜ್ವರ’ ಐವತ್ತು ವರ್ಷಗಳ ನಂತರ ಇಷ್ಟು ಸುಧಾರಣೆಯಾಗಿತ್ತು!

ಮುಂದೆ ಮೂರು ತಿಂಗಳು ‘ತುಂಬಿದ’ ಮೇಲೆ, ಒಳ್ಳೆಯ ದಿನ ನೋಡಿ ಎಲ್ಲರೂ ಆಸ್ಪತ್ರೆಗೆ ಹೋದರು. ವೈದ್ಯೆ ದಿನಾಂಕಗಳನ್ನು ಕೇಳಿ, ಬೆರಳು ಮಡಿಸಿ ಎಣಿಸಿ, ‘ನಿಮಗೀಗ 17ನೆಯ ವಾರ. ಒಂದು ಪರೀಕ್ಷೆಯ ಕಾಲ ಕಳೆದುಹೋಗಿದೆ’ ಎಂದರಂತೆ. ಅತ್ತೆಯವರಿಗೆ ಆಶ್ಚರ್ಯ. ತಾವು ಒಂದು ದಿನವೂ ತಡಮಾಡಿಲ್ಲವಲ್ಲ!

ಈ ಲೆಕ್ಕದ ವಿಚಾರವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಗಣಿತದ ಮೇಷ್ಟ್ರಿಗೆ ಇಷ್ಟು ಅವಕಾಶ ಕೊಡಿ. ನಮ್ಮ ಅನೇಕ ಮನೆಗಳಲ್ಲಿ ತಿಂಗಳು ಎಣಿಸುವುದು ಮುಟ್ಟು ತಪ್ಪಿದಂದಿನಿಂದ. ವೈದ್ಯರು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಮುಟ್ಟು ತಪ್ಪಿತೆಂದು ತಿಳಿಯುವ ದಿನಕ್ಕೇ ವೈದ್ಯರ ಲೆಕ್ಕದಲ್ಲಿ 4 ವಾರ ಮುಗಿದಿರುತ್ತದೆ. ಅದರ ಮೇಲೆ ಮನೆಯವರ ಮೂರು ತಿಂಗಳು, ಅಂದರೆ 13 ವಾರ. ಕೂಡಿದರೆ 17. ಯಾವುದನ್ನು ‘ಮೊದಲ ಮೂರು ತಿಂಗಳು’ ಎಂದು ವೈದ್ಯಶಾಸ್ತ್ರ ಕರೆಯುತ್ತದೆಯೋ ಅದು ಮುಗಿದು ನಾಲ್ಕು ವಾರವಾದ ಮೇಲೆ ನಮ್ಮವರು ‘ಈಗ ಮೂರು ತುಂಬಿತು’ ಎಂದು ಸಿಹಿ ಹಂಚುತ್ತಾರೆ. ಎರಡು ಗಡಿಯಾರಗಳು ಬೇರೆ ಬೇರೆ ಗಂಟೆ ತೋರಿಸುತ್ತಿರುವಾಗ ರೈಲು ತಪ್ಪುವುದರಲ್ಲಿ ವಿಶೇಷವೇನು?

ತಪ್ಪಿದ ರೈಲು ಯಾವುದು? ಗರ್ಭದ ಶಿಶುವಿನ ಕತ್ತಿನ ಹಿಂಭಾಗದಲ್ಲಿ ಚರ್ಮದಡಿ ತೆಳುವಾಗಿ ದ್ರವ ಕೂಡಿರುತ್ತದೆ. ಅದರ ದಪ್ಪ ಹೆಚ್ಚಾಗಿದ್ದರೆ ಶಿಶುವಿನ ವರ್ಣತಂತುಗಳಲ್ಲೋ ಹೃದಯದಲ್ಲೋ ತೊಡಕಿರಬಹುದೆಂಬ ಸೂಚನೆ. 1992ರಲ್ಲಿ ಲಂಡನ್ನಿನ ನಿಕೊಲೈಡಿಸ್ ಎಂಬ ವೈದ್ಯರೂ ಅವರ ಸಂಗಡಿಗರೂ ಇದನ್ನು ಎತ್ತಿ ತೋರಿಸಿದ ಮೇಲೆ ಲೋಕದಲ್ಲೆಲ್ಲ ಈ ಅಳತೆ ಬಳಕೆಗೆ ಬಂತು. ಆದರೆ ಅಳೆಯಲು ಬರುವುದು 11 ವಾರ ತುಂಬಿದಲ್ಲಿಂದ 13 ವಾರ 6 ದಿನಗಳವರೆಗೆ ಮಾತ್ರ. ಶಿಶುವಿನ ತಲೆಯಿಂದ ಕುಂಡಿಯವರೆಗಿನ ಉದ್ದ 45ರಿಂದ 84 ಮಿಲಿಮೀಟರ್ ಇರುವಾಗ. ಅದರೊಂದಿಗೆ ತಾಯಿಯ ರಕ್ತದಲ್ಲಿ ಎರಡು ವಸ್ತುಗಳ ಪ್ರಮಾಣವನ್ನೂ ನೋಡಿ, ಅಪಾಯದ ಸಂಭವ ಎಷ್ಟೆಂದು ಲೆಕ್ಕ ಹಾಕುತ್ತಾರೆ. ಮೂರು ವಾರ ಮಾತ್ರ ತೆರೆದಿರುವ ಕಿಟಕಿ ಅದು. ಹೆರಿಗೆಯ ದಿನವನ್ನು ಹೆಚ್ಚು ಖಚಿತವಾಗಿ ಹೇಳಲು ಬರುವುದೂ ಈ ಮೊದಲ ತಿಂಗಳುಗಳ ಅಳತೆಯಿಂದಲೇ. ಅವಳಿಗಳಾಗಿದ್ದರೆ ಇಬ್ಬರಿಗೂ ಮಾಸು ಒಂದೆಯೋ ಎರಡೋ ಎಂಬುದು ಚೆನ್ನಾಗಿ ತಿಳಿಯುವುದೂ ಆಗಲೇ. ತಡವಾದವರಿಗೆ ಬೇರೆ ದಾರಿಗಳು ಇಲ್ಲವೆಂದಲ್ಲ. ಮುಂದಿನ ವಾರಗಳಲ್ಲಿ ಮಾಡುವ ರಕ್ತಪರೀಕ್ಷೆಗಳುಂಟು. ಆದರೆ ಇದ್ದ ಬಾಗಿಲನ್ನು ನಾವೇ ಮುಚ್ಚಿ ಹಿತ್ತಿಲಿನಿಂದ ಹೋಗುವುದೇಕೆ?

ಇಷ್ಟಕ್ಕೂ ಗರ್ಭವೇನು ನಮ್ಮ ಒಳ್ಳೆಯ ದಿನಕ್ಕಾಗಿ ಕಾಯುತ್ತದೆಯೆ? ಶಿಶುವಿನ ಬೆನ್ನುಹುರಿ ರೂಪುಗೊಳ್ಳುವ ನಾಳ ವೈದ್ಯರ ಲೆಕ್ಕದ 6ನೆಯ ವಾರಕ್ಕೇ ಮುಚ್ಚಿಕೊಳ್ಳಬೇಕು. ಅದು ಸರಿಯಾಗಿ ಮುಚ್ಚಲೆಂದೇ ಫೋಲಿಕ್ ಆಮ್ಲದ ಮಾತ್ರೆ, ದಿನಕ್ಕೆ 400 ಮೈಕ್ರೋಗ್ರಾಂ. ಬಸಿರಿಗೆ ಮುಂಚಿನಿಂದಲೇ ತೆಗೆದುಕೊಂಡರೆ ಉತ್ತಮ, ಇಲ್ಲವಾದರೆ ತಿಳಿದ ದಿನದಿಂದ. ಗುಟ್ಟು ಬಿಚ್ಚಿದ ಮೇಲೆ ನುಂಗುವ ಮಾತ್ರೆ, ಈ ಒಂದು ಕೆಲಸದ ಮಟ್ಟಿಗೆ, ಮದುವೆ ಮುಗಿದ ಮೇಲೆ ಬಂದ ವಾದ್ಯದವರ ಹಾಗೆ. ತಾಯಿಯ ರಕ್ತದ ಗುಂಪು, ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್, ಕೆಲವು ಸೋಂಕುಗಳು, ಇವೆಲ್ಲ ಮೊದಲ ಭೇಟಿಯಲ್ಲಿಯೇ ನೋಡತಕ್ಕವು. ಮುಂದೆ ರಕ್ತದೊತ್ತಡ ಏರುವ ಅಪಾಯವಿದೆಯೆಂದು ಕಂಡುಬಂದವರಿಗೆ ಕಡಿಮೆ ಪ್ರಮಾಣದ ಆಸ್ಪಿರಿನ್ ಕೊಡುವುದುಂಟು. ಅದು 12ನೆಯ ವಾರದಿಂದ, 16ಕ್ಕೆ ಮೊದಲೇ ಆರಂಭವಾದರೆ ಗುಣ ಹೆಚ್ಚು. ನನ್ನ ತಂಗಿಯ ಮೊಮ್ಮಗಳಂತೆ 17ರಲ್ಲಿ ಬಂದವರಿಗೆ ಆ ದಿನಗಳೂ ಹೋದವು. (ಅವಳಿಗೆ ಅದರ ಅಗತ್ಯ ಬೀಳಲಿಲ್ಲ. ಬೀಳುವವರೂ ಇದ್ದಾರೆ.)

ಇನ್ನು ಆ ಮೂರನೆಯ ತಿಂಗಳ ಕೊನೆಯಲ್ಲಿ ಹೆಂಗಸಿನ ಮೈಯಲ್ಲಿ ನಡೆಯುವುದೇನು? ಯಾರಿಗೂ ಹೇಳಬೇಡ ಎಂದವರು ಅವಳಿಗೂ ಏನನ್ನೂ ಹೇಳುವುದಿಲ್ಲ. ಗುಟ್ಟಿನ ಗುಣವೇ ಅದು. ಎರಡೂ ಕಡೆ ಬಾಯಿ ಕಟ್ಟುತ್ತದೆ. ಆದ ಕಾರಣ ನಾನೇ ಹೇಳುತ್ತೇನೆ.

12ನೆಯ ವಾರದಲ್ಲಿ ಶಿಶು ಸುಮಾರು ಐದೂವರೆ ಸೆಂಟಿಮೀಟರ್ ಉದ್ದ. ಕೈಬೆರಳು ಕಾಲ್ಬೆರಳುಗಳು ಬಿಡಿಬಿಡಿಯಾಗಿರುತ್ತವೆ, ಉಗುರು ಮೂಡತೊಡಗಿರುತ್ತದೆ. ಅದು ಒಳಗೆ ಕೈಕಾಲು ಆಡಿಸುತ್ತಿರುತ್ತದೆ, ಆದರೆ ತಾಯಿಗೆ ಇನ್ನೂ ಗೊತ್ತಾಗುವುದಿಲ್ಲ. ಆ ಮೊದಲ ಮಿಸುಕಾಟಕ್ಕೆ 16ರಿಂದ 20 ವಾರವಾಗಬೇಕು. ಅವಳಿಗೆ ಗೊತ್ತಾಗುವುದು ಬೇರೆ. ಅಷ್ಟರತನಕ ಪೆಲ್ವಿಸ್ ಎಂಬ ಎಲುಬಿನ ಬೋಗುಣಿಯೊಳಗೆ ಅಡಗಿದ್ದ ಗರ್ಭಕೋಶ ಮೆಲ್ಲನೆ ಮೇಲಕ್ಕೆ ತಲೆಯೆತ್ತುತ್ತದೆ. ಮೂತ್ರಕೋಶದ ಮೇಲಿನ ಒತ್ತಡ ಕೊಂಚ ಇಳಿಯುತ್ತದೆ. ರಾತ್ರಿ ನಾಲ್ಕು ಸಲ ಏಳುತ್ತಿದ್ದವಳು ಎರಡು ಸಲ ಏಳುತ್ತಾಳೆ. ಗರ್ಭವನ್ನು ಕಾಪಾಡುವ ಹಾರ್ಮೋನನ್ನು ಒದಗಿಸುವ ಹೊಣೆಯನ್ನು ಮಾಸು ಆಗಲೇ ಅಂಡಾಶಯದಿಂದ ತನ್ನ ಕೈಗೆ ತೆಗೆದುಕೊಂಡಿರುತ್ತದೆ. ಓಕರಿಕೆ ಹೆಚ್ಚಿನವರಲ್ಲಿ 12ರಿಂದ 16 ವಾರಗಳ ನಡುವೆ ಇಳಿಮುಖವಾಗುತ್ತದೆ. ಸುಸ್ತು ಕಡಮೆಯಾಗುತ್ತದೆ. ಅನ್ನದ ವಾಸನೆ ಮತ್ತೆ ಅನ್ನದ ವಾಸನೆಯಾಗಿಯೇ ಬರತೊಡಗುತ್ತದೆ. ಈ ಸುಖವನ್ನು ಗಂಡಸರಿಗೆ ವಿವರಿಸುವುದು ಕಷ್ಟ.

ಎಲ್ಲವೂ ಸುಖವಲ್ಲ. ಮಲಬದ್ಧತೆ ಇರುತ್ತದೆ. ಥಟ್ಟನೆ ಎದ್ದರೆ ತಲೆ ಸುತ್ತುತ್ತದೆ. ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬರುವುದುಂಟು. ಬಿಳಿ ಸೆರಗು ಹೆಚ್ಚಬಹುದು. ಮನಸ್ಸು ಬೆಳಿಗ್ಗೆ ಒಂದು, ಸಂಜೆ ಒಂದು. ಮತ್ತೆ ಒಂದು ವಿಚಿತ್ರವಾದ ಭಯ: ವಾರಗಟ್ಟಲೆ ಶಪಿಸುತ್ತಿದ್ದ ಓಕರಿಕೆ ಒಂದು ದಿನ ನಿಂತುಬಿಟ್ಟಾಗ, ‘ಒಳಗೆ ಏನಾದರೂ ಆಯಿತೋ’ ಎಂಬ ಭಯ. ಈ ವಾರಗಳಲ್ಲಿ ಅದು ನಿಲ್ಲುವುದು ಸ್ವಾಭಾವಿಕ ಎಂದು ಒಬ್ಬ ಅನುಭವಸ್ಥೆ ಹೇಳಿದರೆ ಆ ರಾತ್ರಿ ಹುಡುಗಿ ನಿದ್ದೆ ಮಾಡುತ್ತಾಳೆ. ಆದರೆ ಅನುಭವಸ್ಥೆಗೆ ಗುಟ್ಟು ತಿಳಿದಿಲ್ಲ. ಹುಡುಗಿ ಎರಡು ಗಂಟೆಯ ರಾತ್ರಿಯಲ್ಲಿ ಫೋನನ್ನು ಕೇಳುತ್ತಾಳೆ. ಫೋನು ಒಂದು ಪ್ರಶ್ನೆಗೆ ನೂರು ಉತ್ತರ ಕೊಟ್ಟು ತೊಂಬತ್ತು ಹೊಸ ಭಯ ಹುಟ್ಟಿಸುತ್ತದೆ.

ಸಹಿಸಿಕೊಂಡು ಮನೆಯಲ್ಲಿ ಕೂರಬಾರದ ಸಂಗತಿಗಳೂ ಉಂಟು. ರಕ್ತ ಕಾಣಿಸಿದರೆ, ಹೊಟ್ಟೆಯ ಒಂದು ಪಕ್ಕದಲ್ಲಿ ತೀವ್ರವಾಗಿ ನೋವು ಬಂದರೆ, ಜ್ವರ ಬಂದರೆ, ಮೂತ್ರ ಮಾಡುವಾಗ ಉರಿಯಾದರೆ, ಇಡೀ ಒಂದು ದಿನ ನೀರು ಕೂಡ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ದಿನ ನೋಡದೆ ಹೊರಡಬೇಕು. ಈ ಕೊನೆಯದನ್ನು ‘ಬಸುರಿಗೆ ವಾಂತಿ ಸಹಜ’ ಎಂದು ನಮ್ಮವರು ಲಘುವಾಗಿ ಕಾಣುತ್ತಾರೆ. ಇಂಗ್ಲೆಂಡಿನ ಕಾದಂಬರಿಕಾರ್ತಿ ಷಾರ್ಲಟ್ ಬ್ರಾಂಟಿ 1855ರಲ್ಲಿ ಬಸಿರಿನ ಮೊದಲ ತಿಂಗಳುಗಳಲ್ಲಿಯೇ ತೀರಿಕೊಂಡಳು. ಎಡೆಬಿಡದ ವಾಂತಿಯೇ ಕಾರಣವಿರಬಹುದೆಂದು ಅನೇಕರ ಅಭಿಪ್ರಾಯ. ಆ ವಾಂತಿ ಹೆಂಗಸಿನ ಮನಸ್ಸಿನ ಆಟವೆಂದು ವೈದ್ಯರೇ ಬಹುಕಾಲ ಹೇಳುತ್ತಿದ್ದರು. ಗರ್ಭದಿಂದ ತಾಯಿಯ ರಕ್ತಕ್ಕೆ ಸೇರುವ ಜಿಡಿಎಫ್15 ಎಂಬ ಹಾರ್ಮೋನೂ ಅದಕ್ಕೆ ಆಕೆಯ ಮೈ ಎಷ್ಟು ಒಗ್ಗಿದೆ ಎಂಬುದೂ ಅದರ ಮುಖ್ಯ ಕಾರಣವೆಂದು 2023ರ ಡಿಸೆಂಬರಿನಲ್ಲಿ ಸಂಶೋಧಕರು ತೋರಿಸಿಕೊಟ್ಟರು. ನನ್ನ ತಂಗಿಯ ಮೊಮ್ಮಗಳು ಕೋಣೆಯಲ್ಲಿ ಬಾಗಿಲು ಹಾಕಿಕೊಂಡದ್ದು ಮನಸ್ಸಿನ ಆಟಕ್ಕಲ್ಲ. ಅವಳಿಗೆ ಬೇಕಾಗಿದ್ದದ್ದು ಒಂದು ಬಾಟಲಿ ಡ್ರಿಪ್ಪು. ಅದು ಸಿಗುವ ಜಾಗ ಅವಳ ಕೋಣೆಯಿಂದ ರಿಕ್ಷಾದಲ್ಲಿ ಹತ್ತು ನಿಮಿಷದ ದಾರಿ.

ಇದನ್ನೇ ನಾನು ಅರಗಿಸಿಕೊಳ್ಳಲಾರೆ. ಸ್ವಿಟ್ಜರ್‌ಲೆಂಡಿನ ಇವಾ ಲೊಂಬಾರ್ಡ್ ಎಂಬ ವೈದ್ಯೆ 1923ರಲ್ಲಿ ಉಡುಪಿಯಲ್ಲಿ ಹೆಂಗಸರಿಗೂ ಮಕ್ಕಳಿಗೂ ಆಸ್ಪತ್ರೆ ತೆರೆದರು. ನೂರು ವರ್ಷ ಕಳೆದರೂ ಊರಿನವರಿಗೆ ಅದು ‘ಮಿಷನ್ ಆಸ್ಪತ್ರೆ’ಯೇ. 1953ರಲ್ಲಿ ಟಿ. ಎಂ. ಎ. ಪೈಗಳು ಮಣಿಪಾಲದ ಬೋಳುಗುಡ್ಡದ ಮೇಲೆ ವೈದ್ಯಕೀಯ ಕಾಲೇಜು ಕಟ್ಟಿದರು. ಇಂದು ದೇಶದೇಶಗಳ ಮಕ್ಕಳು ಅಲ್ಲಿಗೆ ವೈದ್ಯವಿದ್ಯೆ ಕಲಿಯಲು ಬರುತ್ತಾರೆ. ಗುಡ್ಡದ ಮೇಲೆ ಇಷ್ಟು ವಿದ್ಯೆ. ಗುಡ್ಡದ ಬುಡದಲ್ಲಿ ‘ಆಸ್ಪತ್ರೆಯಲ್ಲಿ ಊರಿನವರು ಸಿಕ್ಕಾರು’ ಎಂಬ ಭಯ! ಹಳ್ಳಿಯವರನ್ನು ದೂರಬೇಡಿ. ಆಶಾ ಕಾರ್ಯಕರ್ತೆ ಅಂಗಳಕ್ಕೆ ಬಂದು ಕೇಳಿದರೆ ಕೂಲಿ ಮಾಡುವ ಹೆಂಗಸು ನಾಚುತ್ತಲಾದರೂ ಇದ್ದದ್ದನ್ನು ಹೇಳಿ, 12 ವಾರದೊಳಗೆ ತಾಯಿ ಕಾರ್ಡು ಮಾಡಿಸಿಕೊಂಡದ್ದನ್ನು ನಾನು ಕಂಡಿದ್ದೇನೆ. ಗೇಟಿನಲ್ಲೇ ನಿಲ್ಲಿಸಿ ‘ನಮ್ಮಲ್ಲಿ ಅಂಥದ್ದೇನಿಲ್ಲ’ ಎಂದು ಕಳುಹಿಸುವವರು ನಾವು, ಪೇಟೆಯ ಓದಿದ ಜನ.

ಗುಟ್ಟಿನ ಪರವಾಗಿ ಇರುವ ಒಂದೇ ಒಂದು ಗಟ್ಟಿ ವಾದವನ್ನು ಮುಚ್ಚಿಡುವುದು ನ್ಯಾಯವಲ್ಲ. ತಿಳಿದುಬಂದ ಬಸಿರುಗಳಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ಇಳಿದುಹೋಗುತ್ತವೆ. ಅವುಗಳಲ್ಲಿ ಬಹುಪಾಲು ಮೊದಲ ಮೂರು ತಿಂಗಳುಗಳಲ್ಲಿಯೇ. 12 ವಾರ ದಾಟಿ ಶಿಶುವಿನ ಹೃದಯದ ಬಡಿತ ಸರಿಯಾಗಿ ಕಂಡ ಮೇಲೆ ಈ ಭಯ ಬಹಳಮಟ್ಟಿಗೆ ಇಳಿಯುತ್ತದೆ. ಆದ್ದರಿಂದಲೇ ಹಿರಿಯರು ಆ ಗಡುವು ಇಟ್ಟರು. ಅವರ ಅನುಭವ ಸುಳ್ಳಲ್ಲ. ಊರಿಗೆಲ್ಲ ಹೇಳಿ ಆಮೇಲೆ ಒಬ್ಬೊಬ್ಬರಿಗೂ ‘ಹೋಯಿತು’ ಎಂದು ಹೇಳುವ ಸಂಕಟ ಬೇಡವೆಂಬುದು ಅವರ ಕರುಣೆಯೇ ಇರಬಹುದು.

ಆದರೆ ಈ ವಾದವನ್ನು ಸ್ವಲ್ಪ ತಿರುಗಿಸಿ ನೋಡಿ. ಆರರಲ್ಲೋ ಏಳರಲ್ಲೋ ಒಬ್ಬಳಿಗೆ ಆಗುವ ನಷ್ಟವೆಂದರೆ ನಿಮ್ಮ ಬೀದಿಯಲ್ಲಿ ಎಷ್ಟು ಮನೆಗಳಿಗೆ ಬಂದಿರಬೇಕು? ಎಷ್ಟು ಮನೆಗಳದ್ದು ನಿಮಗೆ ಗೊತ್ತು? ಹೀಗೆ ಹೋಗುವ ಗರ್ಭಗಳಲ್ಲಿ ಅರ್ಧದಷ್ಟು, ಬಹುಶಃ ಅದಕ್ಕೂ ಹೆಚ್ಚು, ವರ್ಣತಂತುಗಳ ಎಣಿಕೆಯಲ್ಲಿ ಆರಂಭದಲ್ಲೇ ತಪ್ಪು ಬಿದ್ದವು. ಕೊಡಪಾನ ಎತ್ತಿದ್ದರಿಂದಲ್ಲ, ಬಸ್ಸಿನಿಂದಲ್ಲ, ಒಂದು ಹೋಳು ಅನಾನಸಿನಿಂದಲ್ಲ. ಇದನ್ನು 1972ರಲ್ಲಿ ನನಗೆ ಯಾರಾದರೂ ಹೇಳಿದ್ದರೆ! ನಷ್ಟ ಎಲ್ಲರ ಮನೆಯಲ್ಲೂ ಆಗಿ, ಮಾತು ಯಾರ ಮನೆಯಲ್ಲೂ ಇಲ್ಲದಿದ್ದರೆ, ಪ್ರತಿಯೊಬ್ಬಳೂ ತಾನೊಬ್ಬಳೇ ಅಪರಾಧಿ ಎಂದುಕೊಳ್ಳುತ್ತಾಳೆ. ಸಂಕಟವನ್ನು ತಪ್ಪಿಸಲು ಇಟ್ಟ ಗುಟ್ಟು ಸಂಕಟದ ದಿನ ಅವಳನ್ನು ಒಂಟಿಯಾಗಿ ಬಿಡುತ್ತದೆ.

ಒಂಟಿತನವಷ್ಟೇ ಅಲ್ಲ. ತಾಯಿಯ ರಕ್ತ ಆರ್‌ಎಚ್ ನೆಗೆಟಿವ್ ಆಗಿದ್ದರೆ, ಸ್ರಾವವಾದ ಮೇಲೆ 72 ಗಂಟೆಗಳೊಳಗೆ ಒಂದು ಚುಚ್ಚುಮದ್ದು ಬೇಕಾಗಬಹುದು. ಇಲ್ಲವಾದರೆ ಮುಂದಿನ ಬಸಿರಿನ ಶಿಶುವಿಗೆ ತೊಂದರೆಯಾದೀತು. 12 ವಾರಕ್ಕಿಂತ ಮೊದಲಿನ ಸ್ರಾವಕ್ಕೂ ಅದು ಅಗತ್ಯವೆ ಎಂಬುದರಲ್ಲಿ ವೈದ್ಯರಲ್ಲಿಯೇ ಮತಭೇದವುಂಟು. ಇರಲಿ, ಅವರು ತೀರ್ಮಾನಿಸಬೇಕಾದರೆ ಮೊದಲು ಅವರಿಗೆ ತಿಳಿಯಬೇಡವೆ? ಕಷಾಯ ಕುಡಿಸಿ ಮಲಗಿಸಿದ ಮನೆಗೆ ರಕ್ತದ ಗುಂಪೇ ಗೊತ್ತಿಲ್ಲ. ಕಾನೂನನ್ನೂ ನೋಡಿ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿಯೇ ಗರ್ಭಸ್ರಾವವಾದ ಉದ್ಯೋಗಸ್ಥೆಗೆ ಆರು ವಾರಗಳ ಸಂಬಳಸಹಿತ ರಜೆ ಬರೆದಿಟ್ಟಿತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಆರು ವಾರ! ಈ ರಜೆಯನ್ನು ಕೇಳಿ ಪಡೆದ ಒಬ್ಬ ಹೆಂಗಸನ್ನು ಈವರೆಗೆ ನಾನು ಕಂಡಿಲ್ಲ. ಎರಡು ದಿನದ ‘ಜ್ವರ’ದ ರಜೆ ಹಾಕಿದವರನ್ನು ಬೇಕಾದಷ್ಟು ಬಲ್ಲೆ.

ಶಾಸ್ತ್ರ ಎನ್ನುವವರುಂಟು. ಯಾವ ಶಾಸ್ತ್ರ? ಹದಿನಾರು ಸಂಸ್ಕಾರಗಳಲ್ಲಿ ಪುಂಸವನವೆಂಬುದನ್ನು ಸಾಮಾನ್ಯವಾಗಿ ಮೂರನೆಯ ತಿಂಗಳಿಗೇ ಹೇಳಿದೆ. ಅಗ್ನಿಯನ್ನು ಹೊತ್ತಿಸಿ, ಪುರೋಹಿತರನ್ನು ಕರೆಸಿ ಮಾಡುವ ಕರ್ಮ ಗುಟ್ಟಾಗಿರಲು ಹೇಗೆ ಸಾಧ್ಯ? ಗಂಡುಮಗುವೇ ಆಗಲೆಂಬ ಅದರ ಉದ್ದೇಶವನ್ನು ನಾನು ಮೆಚ್ಚಲಾರೆ, ಅದು ಬೇರೆ ಮಾತು. ನಮ್ಮ ತುಳುವರ ‘ಬಯಕೆ’ ಏಳನೆಯ ತಿಂಗಳಿನದು. ಆದರೆ ಅದು ಸಂಭ್ರಮದ ದಿನವೇ ಹೊರತು ಅದಕ್ಕೆ ಮೊದಲು ಬಾಯಿ ಮುಚ್ಚಿರೆಂಬ ಆಜ್ಞೆಯಲ್ಲ. ದೃಷ್ಟಿ ತಾಗುತ್ತದೆ ಎನ್ನುವವರಿಗೆ ನನ್ನಲ್ಲಿ ಉತ್ತರವಿಲ್ಲ. ದೃಷ್ಟಿ ತೆಗೆಯಲು ಉಪ್ಪು ಮೆಣಸು ಸಾಕು. ಅದನ್ನು ನಿವಾಳಿಸಿ ಒಲೆಗೆ ಹಾಕಿ, ಆಮೇಲೆ ರಿಕ್ಷಾ ಕರೆಯಿರಿ ಎಂದಷ್ಟೇ ಹೇಳುತ್ತೇನೆ. ಕಾರ್ಕಳದ ಬೆಟ್ಟದ ಮೇಲೆ 42 ಅಡಿಯ ಗೊಮ್ಮಟ 1432ರಿಂದ ಮುಚ್ಚುಮರೆಯಿಲ್ಲದೆ ನಿಂತಿದ್ದಾನೆ. ಅವನ ಪಾದದ ಬಳಿ ಹುಟ್ಟಿ ಬೆಳೆದವರಿಗೆ ‘ಬಸುರಿ’ ಎಂಬ ಮಾತು ಆಡಲು ನಾಚಿಕೆ!

ಮತ್ತೊಂದು ತಮಾಷೆ ನೋಡಿ. ಬಸಿರಿನ ವಿಚಾರದಲ್ಲಿ ಕಾನೂನು ಗುಟ್ಟಾಗಿಡು ಎಂದದ್ದು ಒಂದನ್ನೇ: ಗರ್ಭದಲ್ಲಿರುವುದು ಗಂಡೋ ಹೆಣ್ಣೋ ಎಂಬುದನ್ನು. ಅದಕ್ಕೆ 1994ರ ಕಾಯ್ದೆಯುಂಟು, ಪ್ರತಿ ಸ್ಕ್ಯಾನಿಂಗ್ ಕೇಂದ್ರದ ಗೋಡೆಯ ಮೇಲೆ ಫಲಕವುಂಟು. ಆ ಒಂದನ್ನು ಮಾತ್ರ ಹೇಗಾದರೂ ತಿಳಿಯಬೇಕೆಂದು ದಾದಿಯ ಮುಖ ನೋಡಿ, ಬಸುರಿಯ ನಡಿಗೆ ನೋಡಿ, ಬಯಕೆಯ ರುಚಿ ನೋಡಿ ಊಹಿಸಲು ಹೊರಡುವವರು ಇದೇ ಗುಟ್ಟಿನ ಭಕ್ತರು.

ಇನ್ನು ಹೊಸಕಾಲದವರ ವಾದ: ಇದು ಅವಳ ಖಾಸಗಿ ವಿಷಯ, ನೀವು ಯಾರು ಕೇಳಲು? ಈ ಮಾತಿಗೆ ನಾನು ತಲೆಬಾಗುತ್ತೇನೆ. ಹೇಳುವುದೂ ಬಿಡುವುದೂ ಅವಳ ಹಕ್ಕು. ಯಾರಿಗೆ, ಯಾವಾಗ ಎಂಬುದೂ ಅವಳದೇ. ಊರ ಮುಂದೆ ಡಂಗುರ ಹೊಡೆಯಿರಿ ಎಂದು ನಾನೆಲ್ಲಿ ಹೇಳಿದೆ? ಆದರೆ ಅವಳು ತಾನಾಗಿ ಇಟ್ಟುಕೊಂಡ ಗುಟ್ಟು ಬೇರೆ, ಮನೆಯವರು ಅವಳ ಬಾಯಿಗೆ ಹಾಕಿದ ಬೀಗ ಬೇರೆ. ಖಾಸಗಿ ಎಂದಾದರೆ ಬೀಗದ ಕೈ ಅವಳ ಸೆರಗಿನಲ್ಲಿರಬೇಕು, ಅತ್ತೆಯ ಸೊಂಟದಲ್ಲಲ್ಲ. ವೈದ್ಯರಿಗೆ ಹೇಳುವುದು ಊರಿಗೆ ಹೇಳಿದಂತಲ್ಲ. ಆಕೆಯ ತಾಯಿಗೆ ಹೇಳುವುದೂ ಅಲ್ಲ. ನನಗೆ ನಗು ಬರುವುದು ಇನ್ನೊಂದಕ್ಕೆ: 12ನೆಯ ವಾರದವರೆಗೆ ಪಕ್ಕದ ಕೋಣೆಯ ನಾದಿನಿಗೂ ಗುಟ್ಟು, 13ನೆಯ ವಾರ ಸ್ಕ್ಯಾನಿನ ಚಿತ್ರ ಅಮೆರಿಕದ ಸ್ನೇಹಿತರ ಫೋನಿನವರೆಗೂ ಹೋಗುತ್ತದೆ.

ಗಂಡಂದಿರ ಮಾತು ಬಂದಿಲ್ಲವೆಂದು ಓದುಗರಿಗೆ ಅನ್ನಿಸಿರಬಹುದು. ಬರುವಷ್ಟು ಅವರು ಈ ಕತೆಯಲ್ಲಿ ಏನೂ ಮಾಡಿಲ್ಲ. ನನ್ನವರು ಆ ರಾತ್ರಿ ಜಗಲಿಯಲ್ಲಿ ಕುಳಿತಿದ್ದರು. ಬೆಳಗಿನ ಜಾವ ಒಳಗೆ ಬಂದು, ಏನು ಹೇಳಬೇಕೆಂದು ತಿಳಿಯದೆ, ನನ್ನ ಕೊಡೆಯ ಮುರಿದ ಕಡ್ಡಿಯನ್ನು ಸರಿಮಾಡಿಕೊಟ್ಟರು. ಅವರಿಗೂ ಯಾರೂ ಏನನ್ನೂ ಕಲಿಸಿರಲಿಲ್ಲ.

ಮಣಿಪಾಲದ ಹುಡುಗಿಗೆ ಹೆಣ್ಣುಮಗು ಸುಖವಾಗಿ ಹುಟ್ಟಿತು. ‘ಎಲ್ಲವೂ ಸರಿಯಾಗಿಯೇ ಆಯಿತಲ್ಲ, ನೀವು ಸುಮ್ಮನೆ ಗಲಾಟೆ ಮಾಡುತ್ತೀರಿ’ ಎಂದು ಕಾಪುವಿನ ಬೀಗಿತ್ತಿ ನನಗೆ ಹೇಳಿದರು. ಹೆಲ್ಮೆಟ್ ಇಲ್ಲದೆ ಹೆದ್ದಾರಿಯಲ್ಲಿ ಹೋಗಿ ಮನೆ ಸೇರಿದವನೂ ಹೀಗೆಯೇ ಹೇಳುತ್ತಾನೆ ಎಂದೆ. ಅವರು ನನ್ನೊಂದಿಗೆ ನಾಲ್ಕು ತಿಂಗಳು ಮಾತು ಬಿಟ್ಟರು.

ಈಗ ಮೊನ್ನೆ ಮೊನ್ನೆ ಅದೇ ಹುಡುಗಿ ಫೋನು ಮಾಡಿ, ‘ಅಜ್ಜಿ, ಆರು ವಾರ’ ಎಂದಳು. ವಾರದ ಲೆಕ್ಕದಲ್ಲಿ ಹೇಳಿದ್ದನ್ನು ಕೇಳಿಯೇ ನನಗೆ ಅರ್ಧ ಗೆದ್ದಂತಾಯಿತು. ಬಸ್ಸು ಹತ್ತಿ ಕಾಪುವಿಗೆ ಹೋದೆ. ಬೀಗಿತ್ತಿ ಚಹಾ ಕೊಟ್ಟರು. ಬಂಗುಡೆಯ ಬೆಲೆ ಏರಿದ್ದನ್ನು ಹೇಳಿದರು. ನಾನೂ ಅದನ್ನೇ ಮಾತಾಡಿದೆ. ಆಮೇಲೆ ಗೋಡೆಯ ಕ್ಯಾಲೆಂಡರನ್ನು ಕೆಳಗಿಳಿಸಿ, ಹುಡುಗಿ ಹೇಳಿದ ದಿನಾಂಕದಿಂದ ಇಬ್ಬರೂ ಬೆರಳಿಟ್ಟು ಎಣಿಸಿದೆವು. 11 ಎಲ್ಲಿ, 14 ಎಲ್ಲಿ ಎಂದು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ತಾವೇ ಎಣಿಸಿದರು. ಎರಡು ಕಡೆ ಪೆನ್ಸಿಲಿನಿಂದ ಗುರುತು ಹಾಕಿದರು. ಕ್ಯಾಲೆಂಡರನ್ನು ಮತ್ತೆ ಮೊಳೆಗೆ ತೂಗುಹಾಕುತ್ತ, ‘ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಆದರೆ ನೀವು ಯಾರಿಗೂ ಹೇಳಲಿಕ್ಕೆ ಹೋಗಬೇಡಿ’ ಎಂದರು.

ಹೆಸರು ಹಾಕಬಾರದೆಂಬ ಕರಾರಿನ ಮೇಲೆ, ಹುಡುಗಿಯ ಒಪ್ಪಿಗೆ ಪಡೆದು ಇದನ್ನು ಬರೆದಿದ್ದೇನೆ. ಬೀಗಿತ್ತಿ ಭಾನುವಾರದ ಪುರವಣಿ ಓದುವುದಿಲ್ಲ. ಓದುವವರು ಯಾರೂ ಅವರಿಗೆ ತೋರಿಸಬೇಡಿ.